ಕಾವಲ್‌ನ ಬಾಣಂತಿ

ಮೊನ್ನೆ ಶಿರಾ ಗೇಟ್‌ನಲ್ಲಿ ಆಟೋ ಕಾಯುತ್ತಿದ್ದೆ. ಎದುರಿಗೆ ನಿಂತ ಕಾರಿನ ಕಿಟಕಿಯಿಂದ ನಾಯಿಯೊಂದು ಮೂತಿ ಹೊರಗಿಟ್ಟಿತ್ತು. ಕೊರಳಲ್ಲಿ ಕೆಂಪು ಬೆಲ್ಟು, ಬೆಲ್ಟಿಗೊಂದು ಹೊಳೆಯುವ ಪದಕ. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾಗಿ ಆಚೆ ಸರಿದರು. ಸರಿಯಲಿ ಬಿಡಿ, ನಿಮಗಾದರೂ ಹೇಳುತ್ತೇನೆ. ನಮ್ಮೂರಲ್ಲಿ ಒಂದು ವರ್ಷ ಎಲ್ಲ ನಾಯಿಗಳ ಕೊರಳಲ್ಲೂ ಪದಕವಿತ್ತು. ಪದಕ ಅಂದರೆ ಜಾಲಿ ಮರದ ತುಂಡು. ಕಟ್ಟಿದವಳು ನಮ್ಮ ದೊಡ್ಡಮ್ಮ.

ನಮ್ಮೂರು ಗುಬ್ಬಿ ಕಡೆ. ಊರಿಗೆ ಅಂಟಿಕೊಂಡೇ ಕಾವಲ್, ಕಣ್ಣು ಹಾಯುವಷ್ಟು ಹುಲ್ಲು. ದೊಡ್ಡಮ್ಮನ ಅತ್ತೆಯ ಕಾಲಕ್ಕೆ ಅಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಇದ್ದವಂತೆ. ಬಂದೂಕಿನವರು ಬಂದರು, ಹಿಂಡು ಹೋಯಿತು. ನಾವು ಹುಟ್ಟುವ ಹೊತ್ತಿಗೆ ಉಳಿದದ್ದು ಕುರಿ, ದನ, ಮರದಡಿ ಇಸ್ಪೀಟು ಆಡುವವರು. ತೊಂಬತ್ತರ ದಶಕದ ಕೊನೆಯಲ್ಲಿ ಫಾರೆಸ್ಟಿನವರು ಬೇರೆಲ್ಲಿಂದಲೋ ಲಾರಿಯಲ್ಲಿ ಕೆಲವು ಕೃಷ್ಣಮೃಗಗಳನ್ನು ತಂದು ಬಿಟ್ಟರು; ಊರವರ ಬಾಯಲ್ಲಿ ಅವು ಬರೀ ಜಿಂಕೆ. "ಹುರುಳಿ ಹೊಲ ಮೇಯೋಕೆ ನೆಂಟ್ರು ಬಂದ್ರು ಬುಡು" ಎಂದು ಮೊದಲು ಗೊಣಗಿದ್ದೂ ದೊಡ್ಡಮ್ಮನೇ.

ಆಗ ನಾನು ಬಾಣಂತನಕ್ಕೆ ಅವಳ ಮನೆಯಲ್ಲಿದ್ದೆ. ನನ್ನಮ್ಮ ಬೇಗ ಹೋಗಿಬಿಟ್ಟಿದ್ದಳು. ತಾಯಿ ಅಂದರೂ ದೊಡ್ಡಮ್ಮನೇ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊತ್ತು ಹೊತ್ತಿಗೂ ಮೆಣಸಿನ ಸಾರು. ನೀರು ಕೇಳಿದರೆ ಬೈಗುಳ ಸಿಗುತ್ತಿತ್ತು.

ಒಂದು ಬೆಳಿಗ್ಗೆ ಸೌದೆಗೆ ಹೋದವಳು ಬರಿಗೈಲಿ ಬಂದು ಜಗಲಿ ಮೇಲೆ ಕೂತುಬಿಟ್ಟಳು. ಹುಲ್ಲಲ್ಲಿ ಮಲಗಿದ್ದ ಜಿಂಕೆ ಮರಿಯನ್ನು ಊರ ನಾಯಿಗಳು ಸೇರಿ ಕೊಂದಿದ್ದವು. ಮುಂದಾಳು ನಮ್ಮನೆ ಕರಿಯ.

"ತಾಯಿ ಇನ್ನೂ ಅಲ್ಲೇ ನಿಂತವ್ಳೆ ಕಣೇ. ಕೆಚ್ಚಲು ಬಿಗಿದೈತೆ. ಯಾರಿಗ್ ಕುಡಿಸ್ತಾಳೆ?" ಎಂದಳು. ನನ್ನ ಮಡಿಲಲ್ಲಿ ಮಗು ಹಾಲು ಕುಡಿಯುತ್ತಿತ್ತು. ಇಬ್ಬರೂ ಅತ್ತೆವು.

ಅದಕ್ಕೂ ಮೊದಲು ಹುಟ್ಟಿದ ಮರಿಗಳೂ ಉಳಿದಿರಲಿಲ್ಲ. ಫಾರೆಸ್ಟ್ ಗಾರ್ಡ್ ಬಂದು ಹೇಳಿದ: "ಇನ್ನೊಂದು ಗಬ್ಬ ಆಗೈತಮ್ಮ. ಅದ್ರ ಮರೀನೂ ಉಳೀಲಿಲ್ಲ ಅಂದ್ರೆ ಎಲ್ಲಾನೂ ವಾಪಸ್ ತಗೊಂಡ್ ಹೋಗ್ತಾರೆ."

ದೊಡ್ಡಮ್ಮ ಊರೆಲ್ಲ ಸುತ್ತಿ ನಾಯಿ ಕಟ್ಟಿಸಿದಳು. ಅವು ಊಳಿಟ್ಟ ಊಳಿಗೆ ಯಾರಿಗೂ ನಿದ್ದೆಯಿಲ್ಲ; ತೋಟಗಳಲ್ಲಿ ತೆಂಗಿನಕಾಯಿ ಕಳ್ಳರಿಗೆ ಹಬ್ಬ. ವಾರ ತುಂಬುವುದರೊಳಗೆ ಎಲ್ಲರೂ ಹಗ್ಗ ಬಿಚ್ಚಿದರು. ಆಗ ಅವಳಿಗೆ ಹೊಳೆದದ್ದು ತುಂಟ ದನಕ್ಕೆ ಮಾಡುವ ಉಪಾಯ. ಕೊರಳಿಗೊಂದು ಮರದ ತುಂಡು ಇಳಿಬಿಟ್ಟರೆ ನಡೆಯಬಹುದು, ಬೊಗಳಬಹುದು, ಓಡಿದರೆ ಮಾತ್ರ ಮೊಣಕಾಲಿಗೆ ಬಡಿಯುತ್ತದೆ. ಮೊದಲು ಕರಿಯನಿಗೆ ಕಟ್ಟಿ, ಆಮೇಲೆ ಮನೆಮನೆಗೆ ಹೊರಟಳು.

"ಕಾವಲ್‌ನಾಗೆ ಬಾಣಂತಿ ಇರ್ತಾಳೆ. ನಿಮ್ ನಾಯಿ ತತ್ತಾ."

"ಜಿಂಕೆಗೂ ಮೆಣಸಿನ ಸಾರು ಮಾಡಿ ಕೊಡ್ತೀಯೇನಮ್ಮೋ?" ಎಂದ ಪಕ್ಕದ ಮನೆಯವನು.

"ನಿನ್ನ ಹೆತ್ತಾಗ ನಿಮ್ಮವ್ವಂಗೆ ಮಾಡಿ ಕೊಟ್ಟೋಳು ನಾನೇ ಕಣ್ಲಾ. ತತ್ತಾ ನಾಯೀನ!"

ನನಗೋ ಹೊಟ್ಟೆಕಿಚ್ಚು. ನನಗೆ ನೀರು ಹಾಕುವ ಹೊತ್ತಿಗೆ ಅವಳು ಕಾವಲ್‌ನಲ್ಲಿ. "ನಿನ್ನ ಇನ್ನೊಬ್ಳು ಮಗಳು ಹೆಂಗಿದಾಳೆ?" ಅಂತ ಚುಚ್ಚಿದರೆ, "ನಿನ್ನಂಗೆ ಗೊಣಗಲ್ಲ" ಎಂದಳು. ಮನುಷ್ಯಳಾಗಿ ಹುಟ್ಟಿ ಜಿಂಕೆಯ ಮೇಲೆ ಮುನಿಸಿಕೊಂಡವಳು ಜಿಲ್ಲೆಗೇ ನಾನೊಬ್ಬಳಿರಬೇಕು.

ಒಂದು ಸಂಜೆ ಸೀರೆ ಎತ್ತಿಕಟ್ಟಿ ಓಡಿಬಂದಳು. "ಓಡ್ತೈತೆ ಕಣೇ! ತಾಯಿ ಹಿಂದೇನೇ ಓಡ್ತೈತೆ!" ಗಾಳಿಗೆ ಹೊರಡಬಾರದೆಂದು ತಾನೇ ಮಾಡಿದ ಕಾನೂನು ಮುರಿದು, ಮಗುವಿನ ಸಮೇತ ನನ್ನನ್ನು ಬೇಲಿಯವರೆಗೆ ಎಳೆದುಕೊಂಡು ಹೋದಳು. ಹುಲ್ಲಿನ ಮೇಲೆ ಪುಟ್ಟದೊಂದು ಕಂದು ಮರಿ ಸುಮ್ಮಸುಮ್ಮನೆ ನೆಗೆಯುತ್ತಿತ್ತು. ಕರಿಯ ಎದ್ದು ನಾಲ್ಕು ಹೆಜ್ಜೆ ಓಡಿ, ಮೊಣಕಾಲಿಗೆ ಏಟು ತಿಂದು, ಕುಂಯ್ ಎಂದು ಕೂತ. "ಸಾಕು ಕೂತ್ಕೊ ಮಗಾ" ಎಂದು ದೊಡ್ಡಮ್ಮ ಅವನ ತಲೆ ಸವರಿದಳು.

ದೊಡ್ಡಮ್ಮ ಈಗಿಲ್ಲ. ಮೊನ್ನೆ ನಕ್ಕು ಮುಗಿದ ಮೇಲೆ ಮನೆಗೆ ಹೋಗುವ ಮನಸ್ಸಾಗದೆ ಗುಬ್ಬಿ ಬಸ್ಸು ಹತ್ತಿದೆ. ಕಾವಲ್ ತುಂಬ ಜಿಂಕೆ, ಲೆಕ್ಕಕ್ಕೆ ಸಿಗದಷ್ಟು. ಹೆತ್ತವಳಲ್ಲ, ಆದರೂ ನನ್ನನ್ನೂ ಅವನ್ನೂ ಒಂದೇ ಕೈಯಲ್ಲಿ ಕಾಪಾಡಿದಳಲ್ಲ ಅನ್ನಿಸಿ ಅಲ್ಲೇ ಕೈ ಮುಗಿದೆ.

ಕುರಿ ಕಾಯುತ್ತಿದ್ದ ಹೆಂಗಸನ್ನು ಮಾತಿಗೆಳೆದೆ. ಮದುವೆಯಾಗಿ ಈಚೆಗೆ ನಮ್ಮೂರಿಗೆ ಬಂದವಳಂತೆ. "ಇವು ಎಲ್ಲಿಂದ ಬಂದವಮ್ಮ?"

"ಎಲ್ಲಿಂದ ಬಂದಾವು? ಮೊದ್ಲಿಂದಾನೂ ಇಲ್ಲೇ ಅವೆ ಬುಡಿ" ಎಂದಳು.

ದೊಡ್ಡಮ್ಮನ ಹೆಸರು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಹೌದಮ್ಮ, ಮೊದ್ಲಿಂದಾನೂ ಇಲ್ಲೇ ಅವೆ" ಎಂದೆ.