ಮೊದಲು ಓಡುವವರು ಯಾರು

ಕಳೆದ ವಾರ ಖಾಸಬಾಗದ ಸಂತೆಯಲ್ಲಿ ಒಬ್ಬಾಕೆ ಬುಟ್ಟಿಯ ತುಂಬ ಗೇರುಹಣ್ಣು ಇಟ್ಟುಕೊಂಡು ಕೂತಿದ್ದಳು. ಬಿಸಿಲಿಗೆ ಹುಳಿತ ಹಣ್ಣಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕೊಳ್ಳುವುದನ್ನೆಲ್ಲ ಬಿಟ್ಟು ಮನೆಯ ದಾರಿ ಹಿಡಿದೆ. ಹಣ್ಣಿಗೆ ಹೆದರುವ ಹೆಂಗಸು ಎಂದು ಮನೆಯಲ್ಲಿ ನಗುತ್ತಾರೆ, ನಗಲಿ. ನನಗೆ ಆ ವಾಸನೆಯೆಂದರೆ ಖಾನಾಪುರದ ಒಂದು ಮಧ್ಯಾಹ್ನ, ಮತ್ತು ಟಿಳಕವಾಡಿಯ ನಮ್ಮ ಪಕ್ಕದ ಮನೆಯ ಕಾಕಾ...

ಇಸವಿ ಎರಡು ಸಾವಿರದ ಆಸುಪಾಸು. ನಾನೂ ಅಣ್ಣನೂ ಕಾಲೇಜಿಗೆ ಹೋಗುತ್ತಿದ್ದೆವು. ಕಾಕಾ ಮಚ್ಛೆಯ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದರು, ಒಂಟಿ ಮನುಷ್ಯ. ಪುಣೆಯಲ್ಲಿ ಓದುವಾಗ ಗೆಳೆಯರಿಂದ ಕಲಿತ ವಿಚಿತ್ರ ಆಟವೊಂದನ್ನು ಊರಿಗೆ ತಂದಿದ್ದರು. ಝೆರಾಕ್ಸ್ ಮಾಡಿಸಿದ ದಪ್ಪನೆಯ ನಿಯಮದ ಪುಸ್ತಕ, ಜೊತೆಗೆ ಇಪ್ಪತ್ತು ಮುಖದ ದಾಳ. ಅವರು ಕತೆ ಹೇಳುತ್ತ ಹೋಗುವರು. ನಾವಿಬ್ಬರು ಒಬ್ಬೊಬ್ಬ ಯೋಧನಾಗಿ ಆ ಕತೆಯೊಳಗೆ ಹೊಕ್ಕು, ಎದುರಾದ ವೈರಿಯ ಜೊತೆ ಕಾದಾಡಬೇಕು. ಪೆಟ್ಟು ತಾಗಿತೋ ಇಲ್ಲವೋ ದಾಳ ಹೇಳುತ್ತದೆ. ಭಾನುವಾರ ಬೆಳಿಗ್ಗೆ ಅವರ ಪಡಸಾಲೆಯಲ್ಲಿ ಆಟ. ನಾನೋ ಮೊದಲೇ ಪುಕ್ಕಲು. ಕಾಗದದ ಮೇಲಿನ ನನ್ನ ಯೋಧ ಸಾಯುತ್ತಾನೆಂದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಜಗಳವೆಲ್ಲ ಒಂದೇ ನಿಯಮದ ಮೇಲೆ. ವೈರಿಯ ಕಡೆ ಮುಖವಿಟ್ಟು ಒಂದು ಹೆಜ್ಜೆ ಹಿಂದೆ ಸರಿದರೆ ಅಪಾಯವಿಲ್ಲ. ಬೆನ್ನು ತಿರುಗಿಸಿ ಓಡಿದರೆ ನಮ್ಮ ಮೇಲೆ ಒಂದು ಪುಕ್ಕಟೆ ಪೆಟ್ಟು ಹಾಕುವ ಹಕ್ಕು ಅವನಿಗೆ. ಆದರೆ ಎಲ್ಲರ ಸರದಿ ಒಮ್ಮೆ ಮುಗಿಯುವ ಒಂದು ಸುತ್ತಿನಲ್ಲಿ ಅಂಥ ಪೆಟ್ಟು ಒಂದೇ. ಅಣ್ಣ ಅದನ್ನೇ ಹಿಡಿದು ಕೂತ.

"ಮೊದಲ ಒಬ್ಬ ಓಡಿ ಆ ಪೆಟ್ಟ ತಿಂದಬಿಟ್ರ, ಉಳದವ್ರು ಆರಾಮ ಪಾರ ಆಕ್ಕಾರಲ್ಲರಿ ಕಾಕಾ."

"ಪುಸ್ತಕದಾಗ ಹಂಗ ಐತಿ, ಖರೇ," ಎನ್ನುವರು ಕಾಕಾ. "ಆದ್ರ ಒಂದ ಫೀಟ್ ಐತಿ ನೋಡಪಾ. ಅದನ್ನ ಕಲತಾವ ಒಂದ ಸುತ್ತಿನಾಗ ಓಡಿದವ್ರಿಗೆಲ್ಲಾ ಹೊಡಿತಾನ. ಎದುರಿಗಿದ್ದಾವ ಅದನ್ನ ಕಲತಾನೋ ಇಲ್ಲೋ, ನಿನಗ ಹೆಂಗ ಗೊತ್ತ?"

ಫೀಟ್ ಎಂದರೆ ಕಾದಾಡುವವರು ಗಳಿಸಿಕೊಂಡ ವಿಶೇಷ ಪಟ್ಟು. ವೈರಿಗೆ ಅದು ಗೊತ್ತಿದೆಯೋ ಇಲ್ಲವೋ, ಓಡಿ ನೋಡಿದ ಮೇಲೆಯೇ ತಿಳಿಯಬೇಕು. ಆಗ ಕಾಕಾ ದಾಳವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ನಮ್ಮ ಮುಖ ನೋಡುವರು. "ಆತು. ಮೊದಲ ಓಡಾವ್ರು ಯಾರು?" ನಾನು ಅಣ್ಣನನ್ನು ತೋರಿಸುತ್ತಿದ್ದೆ, ಅಣ್ಣ ನನ್ನನ್ನು. ಒಂದು ಭಾನುವಾರವೂ ಇಬ್ಬರಲ್ಲಿ ಯಾರೂ 'ನಾನು' ಎಂದದ್ದಿಲ್ಲ.

ಒಂದು ಮೇ ತಿಂಗಳಲ್ಲಿ ಕಾಕಾ ನಮ್ಮನ್ನು ಖಾನಾಪುರದ ಹತ್ತಿರ ತಮ್ಮ ಅಕ್ಕನ ಹೊಲಕ್ಕೆ ಕರೆದುಕೊಂಡು ಹೋದರು. ಊಟ, ಆಟ ಮುಗಿಸಿ, ಬಸ್ಸು ಹಿಡಿಯಲು ಗೇರುಗಿಡಗಳ ನಡುವಿನ ಕಾಲುದಾರಿಯಲ್ಲಿ ಬರುತ್ತಿದ್ದೆವು. ಅಣ್ಣನದು ಇನ್ನೂ ಅದೇ ವಾದ. ತಿರುವು ದಾಟಿದರೆ, ಉದುರಿದ ಹಣ್ಣಿನ ನಡುವೆ ಕರಡಿ. ಅದರ ಹಿಂದೆ ಮರಿ. ನಮಗೂ ಅದಕ್ಕೂ ನಡುವೆ ಒಂದು ಪಡಸಾಲೆಯಷ್ಟೂ ಜಾಗವಿರಲಿಲ್ಲ.

ಅದು ಎರಡು ಕಾಲ ಮೇಲೆ ಎದ್ದು ನಿಂತಿತು.

"ಬೆನ್ನ ತಿರಗಸಬ್ಯಾಡ್ರಿ," ಎಂದರು ಕಾಕಾ, ಭಾನುವಾರದ ಅದೇ ದನಿಯಲ್ಲಿ. "ಒಂದ ಹೆಜ್ಜಿ ಹಿಂದ. ಮೊದಲ ನೀ ಇಡು, ತಂಗಿ."

ನಾನು ಇಟ್ಟೆ. ಅಣ್ಣ ಇಟ್ಟ. ಕಾಕಾ ಇಟ್ಟರು. ಮತ್ತೆ ನನ್ನ ಸರದಿ ಬಂದಾಗ ಹಿಮ್ಮಡಿಗೆ ಕಲ್ಲು ತಾಗಿ ಬಿದ್ದುಬಿಟ್ಟೆ. ಕರಡಿ ಮುಂಗಾಲು ಊರಿ ನೇರ ನನ್ನ ಕಡೆಗೇ ಬಂತು.

ಕಾಕಾ ಬೆನ್ನು ತಿರುಗಿಸಿ ಓಡಿದರು. ನಮ್ಮ ದಾರಿಯತ್ತ ಅಲ್ಲ. ಕೂಗುತ್ತ, ಅದರ ಮೂತಿಯ ಮುಂದೆಯೇ ಹಾದು, ಆಚೆ ಬದಿಗೆ. ಕರಡಿ ಅವರ ಹಿಂದೆ ತಿರುಗಿತು. ಅಣ್ಣ ನನ್ನ ರಟ್ಟೆ ಹಿಡಿದು ಎಬ್ಬಿಸಿ ಎಳೆದುಕೊಂಡು ಓಡಿದ. ಓಡುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಈ ಕರಡಿಗೆ ಆ ಫೀಟ್ ಗೊತ್ತಿದ್ದರೆ? ನನ್ನ ಬೆನ್ನೆಲ್ಲ ಆ ಪೆಟ್ಟಿಗಾಗಿ ಕಾಯುತ್ತಿತ್ತು. ಹಿಂದೆ ಒಮ್ಮೆ ಕಾಕಾ ಚೀರಿದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ...

ಹೊಲದವರು ಬಡಿಗೆ ಹಿಡಿದು ಬರುವಷ್ಟರಲ್ಲಿ ಕರಡಿ ಮರಿಯನ್ನು ಕರೆದುಕೊಂಡು ಹೋಗಿತ್ತು. ಬಿದ್ದದ್ದು ಒಂದೇ ಪೆಟ್ಟು. ಕಾಕಾರ ಎಡಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ಬ್ಯಾಂಡೇಜಿನ ಸಂದಿಯಿಂದ ಅಣ್ಣನಿಗೆ ಹೇಳಿದರು, "ನೀ ಅಂದದ್ದ ಖರೇ ಆತಪಾ. ಕರಡಿಗೆ ಆ ಫೀಟ್ ಗೊತ್ತಿರಲಿಲ್ಲ." ವಾದದಲ್ಲಿ ಗೆದ್ದ ಅಣ್ಣ ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ.

ಕೆಲವು ತಿಂಗಳ ಮೇಲೆ ಆಟ ಮತ್ತೆ ಶುರುವಾಯಿತು. ಕಾಕಾ ದಾಳವನ್ನು ಉಳಿದ ಒಂದೇ ಕಣ್ಣಿನ ಹತ್ತಿರ ಹಿಡಿದು ಓದುವರು. ಆ ನಿಯಮದ ಸುದ್ದಿಯನ್ನು ಮಾತ್ರ ನಾವು ಯಾರೂ ಎತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ದಾಳ ಈಗ ನನ್ನ ಹತ್ತಿರ ಇದೆ. ಸಂತೆಯಿಂದ ಬಂದವಳೇ ಅದನ್ನು ಕೈಯಲ್ಲಿ ಹಿಡಿದು ಕೂತೆ. ಹೆದರಿಕೆ ಇನ್ನೂ ಹಾಗೇ ಇದೆ. ಅದಕ್ಕೆ ಅಡ್ಡ ನಿಲ್ಲುವ ಮನುಷ್ಯ ಇಲ್ಲ. ಭಾನುವಾರ ಭಾನುವಾರ ನಮ್ಮ ಮುಖ ನೋಡಿ ಕೇಳುತ್ತಿದ್ದ ಪ್ರಶ್ನೆಯನ್ನು, ನಾನು ಗೇರುಗಿಡದ ಕೆಳಗೆ ಬಿದ್ದ ಆ ದಿನ, ಕಾಕಾ ಕೇಳಲೇ ಇಲ್ಲ.