ಆರು ಕಾಲಂ ಸಾಕೆಂದ ನರ್ಸಬಾಯಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟು ಯಾರಿಗೂ ಹೊಸದಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನ್ನ ಮೂಗಿಗೂ ರೂಢಿಯಾಗಿದೆ. ಆದರೆ ಕಳೆದ ತಿಂಗಳು ಮಗಳ ಹಳೆಯ ಪುಸ್ತಕಗಳ ಮೇಲೆ ಒಣಮೆಣಸಿನಕಾಯಿ ಚೀಲ ಉರುಳಿ ಬಿತ್ತು. ಹಳೇ ಕಾಗದದ ವಾಸನೆ, ಆ ಘಾಟು ಎರಡೂ ಕೂಡಿ ಮೂಗಿಗೆ ಬಡಿದಾಗ ಕೈಯಲ್ಲಿದ್ದ ಕಸಬರಿಗೆ ಹಾಗೇ ನಿಂತಿತು. ಆ ವಾಸನೆ ರಾಣೇಬೆನ್ನೂರಿನ ನರ್ಸಬಾಯಿಯವರ ಟ್ರಂಕಿನದು. ಹುಳ ಹತ್ತಬಾರದೆಂದು ಅವರು ನೋಟುಬುಕ್ಕುಗಳ ನಡುವೆ ಒಣಮೆಣಸಿನಕಾಯಿ ಇಡುತ್ತಿದ್ದರು.

ಹಲಗೇರಿ, ಕುಪ್ಪೇಲೂರು ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತ ಸರ್ಕಾರಿ ನೌಕರಿ ಮುಗಿಸಿದವರು ಅವರು. ನನ್ನ ತವರಿನ ಓಣಿಯಲ್ಲಿ ಒಬ್ಬರೇ ಇದ್ದರು. ಇಲಾಖೆಯ ರಜಿಸ್ಟರ್ ಬೇರೆ ಇತ್ತು; ಅದು ಸಾಲದೆಂದು ತಾವು ಮಾಡಿಸಿದ ಪ್ರತಿ ಹೆರಿಗೆಯನ್ನೂ ತಮ್ಮದೇ ನೋಟುಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಯಾಕೆಂದು ಒಮ್ಮೆ ಕೇಳಿದೆ.

“ನಾ ಹುಟ್ಟಿದ್ದು ದಸರಾ ಆದಮ್ಯಾಲೆ, ಶೀಗಿ ಹುಣ್ಣಿಮಿ ಮುಂದ ಅಂತ ನಮ್ಮವ್ವ ಹೇಳ್ತಿದ್ಲು. ಸಾಲ್ಯಾಗ ಮಾಸ್ತರು ಜೂನ್ ಒಂದು ಅಂತ ಬರದ್ರು. ಸುಳ್ಳು ತಾರೀಖಿಗೆ ರಿಟೈರ್ ಆದಾಕಿ ನಾನು. ನನ್ನ ಕೈಯಾಗ ಹುಟ್ಟಿದವರಿಗೆ ಹಂಗಾಗಬಾರದು.”

ಎರಡು ಸಾವಿರದ ಐದೋ ಆರೋ ಇರಬೇಕು… ಆಗ ನಾನು ಊರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ದಿನ ನರ್ಸಬಾಯಿ ಅಲ್ಲಿಗೇ ಬಂದರು. ಹುಟ್ಟಿದ ತಾರೀಖು ಕೇಳಿಕೊಂಡು ಜನ ಅವರ ಮನೆಗೆ ಬರುತ್ತಿದ್ದರು. ಒಬ್ಬರ ಹೆಸರು ಹುಡುಕಲು ಎಲ್ಲ ನೋಟುಬುಕ್ಕು ತಿರುವಿ ಅವರ ಕಣ್ಣು ಸೋತಿತ್ತು. ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಕೊಂಡಿದ್ದರು. ಹೆಸರು ಹೇಳಿದರೆ ಯಾವ ನೋಟುಬುಕ್ಕು, ಯಾವ ಪುಟ ಎಂದು ತೋರಿಸುವ ಸಾಫ್ಟ್‌ವೇರ್ ಬೇಕೆಂದರು.

ಮಾಲಕರು ಆಸ್ಪತ್ರೆಗಳಿಗೆಂದೇ ಮಾಡಿದ ದುಬಾರಿ ಪ್ಯಾಕೇಜನ್ನು ತೋರಿಸಿದರು. ಬಣ್ಣಬಣ್ಣದ ಪರದೆ. ನರ್ಸಬಾಯಿ ಕನ್ನಡಕ ಏರಿಸಿ ಓದಿದರು.

“ಇಲ್ಲೇನೋ ಬೆಡ್ ನಂಬರ್ ಅಂತ ಐತಲ್ರಿ. ಕಣದಾಗ ಹಡದಾಕಿಗೆ ಎಲ್ಲಿ ಬೆಡ್ ತರ್ಲಿ? ನನಗ ಆರು ಕಾಲಂ ಸಾಕು. ತಾಯಿ ಹೆಸರು, ಊರು, ತಾರೀಖು, ನೋಟುಬುಕ್ಕು, ಪುಟ. ಆರನೇದ್ದು, ನೆನಪು.”

“ನೆನಪು ಅಂದ್ರ?”

“ಹಳ್ಳ್ಯಾಗ ತಾರೀಖು ಯಾರಿಗೆ ನೆನಪಿರ್ತದ? ಕೆಂಪು ಹಸು ಈದ ದಿನ, ಬಣವಿಗೆ ಬೆಂಕಿ ಬಿದ್ದ ದಿನ, ಹಂಗ ಹೇಳ್ತಾರ. ಅದನ್ನ ಬರಿಯಾಕ ಜಾಗಾ ಬೇಕು.”

ಅಂಥ ಕಾಲಂ ಸೇರಿಸಲು ಆಗುವುದಿಲ್ಲ, ಹೆಸರುಗಳನ್ನೂ ಇಂಗ್ಲಿಷಿನಲ್ಲೇ ಹಾಕಬೇಕು ಎಂದರು ಮಾಲಕರು.

“ಈರವ್ವ ಅಂತ ಇಂಗ್ಲಿಷಿನ್ಯಾಗ ನೀವೊಂದು ಥರ ಬರೀತೀರಿ, ನಾನೊಂದು ಥರ. ಆಮ್ಯಾಲೆ ಹುಡುಕಿದ್ರ ಆಕಿ ಸಿಗ್ತಾಳೇನ್ರಿ?”

ಮಾಲಕರು ಬಿಡದೆ, ಮನೆಗೇ ಹೋಗಿ ಹಾಕಿ ತೋರಿಸಿ ಒಪ್ಪಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಹಾಕಿದೆ. ನರ್ಸಬಾಯಿ ಹತ್ತು ಹೆರಿಗೆ ಟೈಪ್ ಮಾಡಿಸಿದರು. ಹತ್ತನೆಯದು ಅರ್ಧವಾಗಿರುವಾಗ ಎದ್ದು ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಬಂದ್ ಮಾಡಿಬಿಟ್ಟರು! ನಾನು ಚೀರಿದೆ.

“ನಮ್ಮೂರಾಗ ಕರೆಂಟು ಕೇಳಿ ಹೋಗ್ತದೇನು? ನೋಡೂಣು, ಏನು ಉಳೀತದಂತ.”

ಮತ್ತೆ ಹಚ್ಚಿದಾಗ ಒಂದೂ ಉಳಿದಿರಲಿಲ್ಲ. ಅವರು ಬೈಯಲಿಲ್ಲ. “ತಂಗಿ, ಮಾಲಕರ ಮಾತು ಬಿಡು. ನಿನ್ನ ಮನಿದಾದ್ರ ಯಾವುದು ಹಾಕ್ತಿದ್ದಿ?” ಎಂದರಷ್ಟೆ.

ಆ ಪ್ರಶ್ನೆಯನ್ನು ನನಗೆ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ಕಂಪ್ಯೂಟರ್ ಮಾಸಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ ಸಣ್ಣದೊಂದು ಪ್ರೋಗ್ರಾಂ ಇತ್ತು, ಪುಕ್ಕಟೆಯದು. ಕಾಲಂ ಎಷ್ಟು ಬೇಕೋ ನಾವೇ ಹಾಕಿಕೊಳ್ಳಬಹುದು. ಮರುದಿನ ಅದನ್ನು ಒಯ್ದೆ. ಕನ್ನಡ ಸರಿಯಾಗಿ ಮೂಡಿಸಲು ಎರಡು ದಿನ ಹಿಡಿಯಿತು. ಮತ್ತೆ ಹತ್ತು ಹೆರಿಗೆ, ಮತ್ತೆ ಮೇನ್ ಸ್ವಿಚ್. ಈ ಸಲ ಒಂಬತ್ತು ಉಳಿದಿದ್ದವು.

“ಅರ್ಧ ಬರದಿದ್ದು ಹೋಗಿದ್ದು ನ್ಯಾಯನ ಐತಿ,” ಎಂದು ನಕ್ಕರು. ಮರುಕ್ಷಣ ಇನ್ನೊಂದು ಪ್ರಶ್ನೆ: “ಇದನ್ನ ಮಾಡಿದವರು ನಾಳೆ ಬಾಗಲಾ ಹಾಕ್ಕೊಂಡು ಹೋದ್ರ?” ಇಡೀ ಪಟ್ಟಿಯನ್ನು ಸಾದಾ ಅಕ್ಷರಗಳ ಫೈಲಾಗಿ ಹೊರತೆಗೆದು ತೋರಿಸಿದೆ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವಂಥದ್ದು. ಆಗ ಒಪ್ಪಿದರು.

ಮಾಲಕರು ಕೆರಳಿದರು. “ಗಿರಾಕಿ ಕೆಡಿಸಾಕ ನಿನ್ನ ಇಟ್ಕೊಂಡೇನೇನು?”

“ಅವರ ಕೆಲಸಕ್ಕ ನಿಮ್ಮದು ಬರೂದಿಲ್ಲರಿ,” ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ… ನಾಳೆಯಿಂದ ಬರಬೇಡ ಎಂದರು. ನಾನು ಅವತ್ತೇ ಚೀಲ ಹೆಗಲಿಗೆ ಹಾಕಿದೆ.

ಆಮೇಲೆ ದಿನಾ ಮಧ್ಯಾಹ್ನ ನರ್ಸಬಾಯಿಯವರ ಪಡಸಾಲೆಯೇ ನನ್ನ ಕಚೇರಿ. ಅವರು ಓದುವುದು, ನಾನು ಟೈಪ್ ಮಾಡುವುದು. ಕೆಲವು ಹೆಸರಿಗೆ ನಿಲ್ಲುತ್ತಿದ್ದರು. “ಈಕಿ ಉಳೀಲಿಲ್ಲ,” ಎನ್ನುತ್ತಿದ್ದರು. ಅದನ್ನೂ ನೆನಪಿನ ಕಾಲಮ್ಮಿನಲ್ಲಿ ಬರೆಸುತ್ತಿದ್ದರು.

ಪಟ್ಟಿ ಮುಗಿಯುವ ಹೊತ್ತಿಗೆ ಕುಪ್ಪೇಲೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಗಂಡ ತೀರಿದ್ದ, ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಶಾಲೆಯ ದಾಖಲೆಯ ಪ್ರಕಾರ ವಯಸ್ಸು ಮೀರಿದೆಯೆಂದು ಹಾವೇರಿಯ ಕಚೇರಿಯಿಂದ ಅರ್ಜಿ ವಾಪಸು ಬಂದಿತ್ತು. ಅವಳ ತಾಯಿಯ ಹೆಸರು ಹಾಕಿ ಹುಡುಕಿದೆ. ಅದೇ ಊರಿನಲ್ಲಿ ಅದೇ ಹೆಸರಿನವರು ನಾಲ್ವರು. “ನಾ ಹುಟ್ಟಿದ ದಿನ ಬಾವ್ಯಾಗ ಎತ್ತು ಬಿದ್ದಿತ್ತಂತರಿ,” ಎಂದಳು. ನಾಲ್ಕರಲ್ಲಿ ಒಂದಕ್ಕೆ ಬಾವಿ, ಎತ್ತು ಎರಡೂ ಇದ್ದವು. ದಾಖಲೆಗಿಂತ ಮೂರು ವರ್ಷ ಚಿಕ್ಕವಳು ಅವಳು.

ಜನನ ನೋಂದಣಿಗೆ ಕೋರ್ಟಿನ ಆದೇಶ ಬೇಕಿತ್ತು. ನರ್ಸಬಾಯಿ ಸಾಕ್ಷಿಗೆ ನಿಂತರು. ಸರ್ಕಾರದ ಪರ ವಕೀಲರು ನಕ್ಕು, “ಮನ್ಯಾಗಿನ ಕಂಪ್ಯೂಟರಿನ್ಯಾಗ ಏನ್ ಬೇಕಾದ್ದು ಟೈಪ್ ಮಾಡಬಹುದಲ್ರಿ?” ಎಂದರು.

“ಮಾಡಬಹುದ್ರಿ. ಕಂಪ್ಯೂಟರ್ ಸಾಕ್ಷಿ ಅಂತ ನಾ ಎಲ್ಲಿ ಅಂದೇನಿ? ಅದು ಹುಡುಕಾಕ ಇಟ್ಟದ್ದು. ಸಾಕ್ಷಿ ಇದು,” ಎಂದು ನೋಟುಬುಕ್ಕು ಬಿಚ್ಚಿ ಹಿಡಿದರು. ಮಾಸಿದ ಶಾಯಿ, ಪಕ್ಕದಲ್ಲಿ ತಾಯಿಯ ಹೆಬ್ಬೆಟ್ಟು. ನ್ಯಾಯಾಧೀಶರು ನೋಟುಬುಕ್ಕನ್ನು ತಮ್ಮ ಕೈಗೆ ತರಿಸಿಕೊಂಡರು.

ಆದೇಶ ಸಿಕ್ಕಿತು. ಅಷ್ಟರಲ್ಲಿ ಆ ವರ್ಷದ ಜಾಗ ತುಂಬಿಹೋಗಿತ್ತು. ಅವಳು ಅತ್ತಾಗ ನರ್ಸಬಾಯಿ ಗದರಿದರು: “ಅಳಬ್ಯಾಡ. ಇನ್ನ ನೀ ಅದ ತಾರೀಖಿನಾಕಿ, ಯಾರೂ ಕಸಗೊಳ್ಳೂದಿಲ್ಲ. ಮತ್ತ ಅರ್ಜಿ ಹಾಕು.” ಮರುವರ್ಷ ಹಾಕಿದಳು, ಕೆಲಸ ಸಿಕ್ಕಿತು.

ನರ್ಸಬಾಯಿ ತೀರಿಕೊಂಡಾಗ ನಾನು ಬ್ಯಾಡಗಿಯಲ್ಲಿ ಬಾಣಂತಿ. ಸುದ್ದಿ ತಡವಾಗಿ ಬಂತು. ಹೋಗಿ ನೋಡಿದರೆ ಸಂಬಂಧಿಕರು ಮನೆ ಖಾಲಿ ಮಾಡಿದ್ದರು. ಕಂಪ್ಯೂಟರು ಯಾರಿಗೋ ಹೋಗಿತ್ತು, ನೋಟುಬುಕ್ಕುಗಳು ರದ್ದಿಗೆ. ರದ್ದಿ ಅಂಗಡಿಗೆ ಓಡಿದೆ. ಏಳು ಸಿಕ್ಕವು. ಉಳಿದವು ಆಗಲೇ ಲಾರಿ ಏರಿದ್ದವು… ಕಂಕುಳಲ್ಲಿ ಕೂಸು, ಹೆಗಲಲ್ಲಿ ಆ ಏಳು ನೋಟುಬುಕ್ಕು ಹೊತ್ತು ಬ್ಯಾಡಗಿಗೆ ಮರಳಿದೆ.

ಪಟ್ಟಿಯ ಪ್ರತಿ ನನ್ನ ಬಳಿ ಇದೆ. ಈಗಿನ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಕೇಳಿದ ಹೆಸರನ್ನು ಹುಡುಕಿ, ಇಷ್ಟನೇ ನೋಟುಬುಕ್ಕು, ಇಷ್ಟನೇ ಪುಟ ಎಂದು ಹೇಳುತ್ತದೆ. ಆ ಏಳರಾಚೆಯದಾದರೆ, ಆ ಪುಟ ಮಾತ್ರ ಭೂಮಿಯ ಮೇಲಿಲ್ಲ.

ಹಲಗೇರಿಯ ಒಬ್ಬಳು ಹುಟ್ಟಿದ ತಾರೀಖಿಗಾಗಿ ನನ್ನನ್ನು ಹುಡುಕಿಕೊಂಡು ಬಂದಿದ್ದಾಳೆ. ಅವಳ ತಾಯಿಯ ಹೆಸರು ಪಟ್ಟಿಯಲ್ಲಿದೆ, ಪುಟ ಆ ಏಳರಲ್ಲಿಲ್ಲ. ಬರಿಯ ಪಟ್ಟಿ ನಡೆಯುವುದಿಲ್ಲ, ಸುಮ್ಮನೆ ಯಾಕೆ ಹೋಗುತ್ತೀರಿ ಎಂದು ಅವಳ ವಕೀಲರೇ ಹೇಳಿದರು. ನಾಳೆ ಅವಳ ಜೊತೆ ರಾಣೇಬೆನ್ನೂರಿನ ಕೋರ್ಟಿಗೆ ಹೊರಟಿದ್ದೇನೆ. ಹೆಬ್ಬೆಟ್ಟಿನ ಪುಟ ಎಲ್ಲಿ ಎಂದು ಕೇಳುತ್ತಾರೆ. ರದ್ದಿಗೆ ಹೋಯಿತು ಎನ್ನುತ್ತೇನೆ. ಅದನ್ನು ಓದಿದವರು ತೀರಿಕೊಂಡರು ಎನ್ನುತ್ತೇನೆ. ಕೇಳಿ ಬರೆದುಕೊಂಡವಳು ನಾನು, ಬದುಕಿದ್ದೇನೆ, ಏನು ಕೇಳಬೇಕೋ ಕೇಳಿ ಎನ್ನುತ್ತೇನೆ.