ಮಾಲಕಿಯ ಪ್ರತಿಮೆಗೆ ಹೊದಿಕೆ

ಗಾರ್ಮೆಂಟ್ಸ್ ಮಾಲಕಿಯ ಕಲ್ಲಿನ ಪ್ರತಿಮೆಗೆ ಹೊದಿಕೆ ಹೊಲಿಯುವ ಕೆಲಸ ಟೈಲರ್ ಅಕ್ಕನ ಪಾಲಿಗೇ ಬಂತು. ಒಂದು ಕಾಲದಲ್ಲಿ ಇಬ್ಬರೂ ಅದೇ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಕಾಲರ್ ಹೊಲಿದವರು. ಒಬ್ಬಳು ಕಾರ್ಖಾನೆಯನ್ನೇ ಕೊಂಡಳು; ಇನ್ನೊಬ್ಬಳು ಮನೆಯ ಮುಂದಿನ ಕೋಣೆಯಲ್ಲಿ ಓಣಿಯ ಹೆಂಗಸರಿಗೆ ಹೊಲಿಗೆ ಕಲಿಸುತ್ತ ಉಳಿದಳು.

ಹಗ್ಗ ಎಳೆದ ಕೂಡಲೇ ಬಿಚ್ಚಿಕೊಳ್ಳುವಂತೆ ಸಡಿಲ ಹೊಲಿಗೆ ಹಾಕು ಎಂದು ಕಾರ್ಖಾನೆಯವರು ಹೇಳಿದ್ದರು. ಆದರೆ ನನ್ನ ಹೆಸರಲ್ಲಿ ಒಂದು ಕಲ್ಲೂ ಇಲ್ಲವಲ್ಲ ಎಂದು ಹೊಟ್ಟೆ ಉರಿದುಕೊಂಡು ಕೂತವಳ ಕೈ, ರೂಢಿಯಂತೆ ಜೋಡಿ ಹೊಲಿಗೆ ಹಾಕಿಬಿಟ್ಟಿತ್ತು.

ಅನಾವರಣ ಸಮಾರಂಭದಲ್ಲಿ ಮಾಲಕಿ ಹಗ್ಗವನ್ನು ಎಷ್ಟು ಎಳೆದರೂ ಬಟ್ಟೆ ಜಪ್ಪಯ್ಯ ಅನ್ನಲಿಲ್ಲ. ಅವಳು ಗೆಳತಿಯತ್ತ ತಿರುಗಿದಳು.

"ಏನೇ, ಬೇಕಂತಲೇ ಮಾಡಿದ್ಯಾ?"

"ಇಲ್ಲ ಕಣೇ. ಹೊಟ್ಟೆಕಿಚ್ಚೇನೋ ಬೇಕಾದಷ್ಟಿತ್ತು, ಮಾಡಿದ್ದು ಮಾತ್ರ ಕೈ."

ಹಿಂದೆ ನಿಂತಿದ್ದ ಕಾರ್ಖಾನೆಯ ಹೆಂಗಸರು ನಕ್ಕರು. ಅವರಲ್ಲೊಬ್ಬಳು ಅಂದಳು: "ಅಮ್ಮಾವ್ರೇ, ನಮ್ಮಕ್ಕ ಹಾಕಿದ್ದು ಎಳೆದ್ರೆ ಬರಲ್ಲ. ಕಾರ್ಖಾನೆಗೆ ಸೇರೋ ಮುಂಚೆ ನಮಗೆಲ್ಲ ಹಂಗೇ ಕಲಿಸಿದ್ದು. ನಿಮ್ಮ ಕಾರ್ಖಾನೆ ಅಂಗಿ ಹರಿಯಲ್ಲ ಅಂತ ಹೆಸರು ಬಂದಿದ್ದು ಮತ್ತೆ ಹೆಂಗೆ ಅಂದ್ಕೊಂಡ್ರಿ?"

ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯಲ್ಲೇ ಕತ್ತರಿ ತಂದು ಹೊದಿಕೆ ಸೀಳಿದಳು. ಕಲ್ಲಿನ ಮುಖ ಹೊರಬಿತ್ತು. ಇವಳ ಮೂಗು ಇಷ್ಟು ನೆಟ್ಟಗೆ ಯಾವತ್ತಿತ್ತು ಎಂದು ಹೊಟ್ಟೆ ಮತ್ತೆ ಉರಿಯತೊಡಗಿತು.